ಗೆಲ್ಲಿಸಿದ್ದು ಬೆಲೆಯಲ್ಲ, ಡಿಸ್ಕ್

2013ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ವಿಡಿಯೊ ಗೇಮ್ ಮೇಳದಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಎದುರು ಸೋನಿಯ ಪ್ಲೇಸ್ಟೇಷನ್ 4 (ಪಿಎಸ್4) ಗೆದ್ದದ್ದು ನೂರು ಡಾಲರ್ ಅಗ್ಗವಾಗಿದ್ದಕ್ಕೆ ಮಾತ್ರ ಅಂತ ಈ ಕನ್ಸೋಲ್ ಪೈಪೋಟಿಯ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನಾನು ಒಪ್ಪಲ್ಲ. 399ಕ್ಕೂ 499ಕ್ಕೂ ಅಂತರ ದೊಡ್ಡದೇ, ನಿಜ. ಆದರೆ ಎಕ್ಸ್‌ಬಾಕ್ಸ್ ಜೊತೆ ಆಟಗಾರರ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾ ಸೇರಿಯೇ ಬರುತ್ತಿತ್ತು, ಸೋನಿ ತನ್ನ ಕ್ಯಾಮೆರಾವನ್ನು ಬೇರೆ ಮಾರಿತು.

ಜನರಿಗೆ ಸಿಟ್ಟು ತರಿಸಿದ್ದು ಆಟದ ಡಿಸ್ಕ್ ಬಗ್ಗೆ ಎಕ್ಸ್‌ಬಾಕ್ಸ್ ಒನ್‌ಗೆ ಮೈಕ್ರೋಸಾಫ್ಟ್ ಹಾಕಹೊರಟಿದ್ದ ನಿಯಮಗಳು. 24 ಗಂಟೆಗೊಮ್ಮೆ ಕನ್ಸೋಲ್ ಇಂಟರ್ನೆಟ್‌ಗೆ ಹೋಗಿ ಬರಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ಆಟವೂ ಓಡಲ್ಲ. ಗೆಳೆಯರಿಗೆ ಆಟ ಕೊಡೋಕೂ ಷರತ್ತು! ಅದಕ್ಕೆ ಸೋನಿ ಕೊಟ್ಟ ಉತ್ತರ ಒಂದು ಪುಟ್ಟ ವಿಡಿಯೊ: ಸೋನಿಯ ಗೇಮ್ ಸ್ಟುಡಿಯೊಗಳ ಆಗಿನ ಮುಖ್ಯಸ್ಥ ಶುಹೇ ಯೊಶಿದಾ ಆಟದ ಡಬ್ಬಿಯನ್ನು ಪಕ್ಕದವರ ಕೈಗಿಡುತ್ತಾರೆ, ಅವರು ಥ್ಯಾಂಕ್ಸ್ ಅನ್ನುತ್ತಾರೆ, ಮುಗೀತು. ಹುಬ್ಬಳ್ಳಿಯಲ್ಲಿ ನಾವು ಮೂವರು ಗೆಳೆಯರು ದುಡ್ಡು ಕೂಡಿಸಿ ಒಂದು ಡಿಸ್ಕ್ ಕೊಂಡು ವಾರಕ್ಕೊಬ್ಬರಂತೆ ಆಡುತ್ತಿದ್ದೆವು. ಡಬ್ಬಿಯ ಮೂಲೆ ಸೀಳಿ ಸೆಲೊಟೇಪ್ ಹಚ್ಚಿದ್ದೆವು. ಆ ವಿಡಿಯೊ ನೋಡಿದಾಗ ನಮಗಾದ ಸಮಾಧಾನ ಇಷ್ಟಷ್ಟಲ್ಲ.

ಮೇಳ ಮುಗಿದು ವಾರದೊಳಗೆ, ಜೂನ್ 19ಕ್ಕೆ, ಮೈಕ್ರೋಸಾಫ್ಟ್ ಆ ನಿಯಮಗಳನ್ನು ಕೈಬಿಟ್ಟಿತು. ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಮಾರಾಟಕ್ಕೆ ಬಂದಾಗಲೂ ಬೆಲೆ ಮಾತ್ರ ಅದೇ 499. ಜನ ಯಾವುದಕ್ಕೆ ತಿರುಗಿಬಿದ್ದಿದ್ದರು ಅನ್ನೋದು ಕಂಪನಿಗೇ ಅರ್ಥವಾಗಿತ್ತಲ್ಲವೇ?

ಹಾಗಂತ ಸೋನಿಯನ್ನು ಹೊಗಳೋಕೆ ಹೊರಟಿಲ್ಲ. ಹಿಂದಿನ ಪ್ಲೇಸ್ಟೇಷನ್ 3ರಲ್ಲಿ ಆನ್‌ಲೈನ್ ಆಟ ಪುಕ್ಕಟೆ ಇತ್ತು. ಪಿಎಸ್4ರಲ್ಲಿ ಬೇರೆಯವರ ಜೊತೆ ಆನ್‌ಲೈನ್ ಆಡಲು ಬಹುತೇಕ ಆಟಗಳಿಗೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಲೇಬೇಕಾಯಿತು. ಚಪ್ಪಾಳೆಯ ಗದ್ದಲದಲ್ಲಿ ಇದು ಮರೆಯಾಯಿತು. ಲೇಖನದಲ್ಲೂ ಈ ಮಾತಿಲ್ಲ, ದಯವಿಟ್ಟು ಸೇರಿಸಿ.