ಬುಡವಿಲ್ಲದ ಬುಡಕಟ್ಟಿಗೆ ಯಾರ ಗರಿ?

ಹೊರೈಝನ್ ಝೀರೋ ಡಾನ್ ಎಂಬ ವಿಡಿಯೊ ಆಟವನ್ನು ಮೊದಲ ಬಾರಿ ಆಡಿದಾಗ ಅದರಲ್ಲಿ ಬರುವ ನೋರಾ ಎಂಬ ಬುಡಕಟ್ಟಿನ ಜನರ ಉಡುಗೆ ತೊಡುಗೆಯ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಎರಡನೆಯ ಬಾರಿ ಆಡಿ ಮುಗಿಸಿದ ಮೇಲೆ, ಆಟ ಹೇಳುವ ಕಥೆಗೂ ತೋರಿಸುವ ಚಿತ್ರಕ್ಕೂ ತಾಳೆಯಾಗುತ್ತಿಲ್ಲವಲ್ಲ ಎಂಬ ಅನುಮಾನ ಹುಟ್ಟಿತು. ಅದನ್ನು ವಿವರಿಸಲು ಕಥೆಯ ಗುಟ್ಟನ್ನು ಬಿಟ್ಟುಕೊಡಲೇಬೇಕು. ಮುಂದೆ ಎಂದಾದರೂ ಆಡಬೇಕೆಂದುಕೊಂಡಿರುವವರು ಇಲ್ಲಿಗೇ ನಿಲ್ಲಿಸಿದರೆ ನನಗೆ ಬೇಸರವಿಲ್ಲ.

ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಗೆರಿಲ್ಲಾ ಗೇಮ್ಸ್ 2017ರಲ್ಲಿ ಹೊರತಂದ ಆಟವಿದು. ಇಪ್ಪತ್ತೊಂದನೆಯ ಶತಮಾನದಲ್ಲಿ ಯುದ್ಧಯಂತ್ರಗಳು ಕೈಮೀರಿ, ಭೂಮಿಯ ಮೇಲಿನ ಜೀವರಾಶಿಯನ್ನೆಲ್ಲ ಕಬಳಿಸಿಬಿಡುತ್ತವೆ. ಆಮೇಲೆ ಗಯಾ ಎಂಬ ಕೃತಕ ಬುದ್ಧಿಮತ್ತೆಯು ಭೂಮಿಯನ್ನು ಮತ್ತೆ ಹಸನು ಮಾಡಿ, ಕಾಪಿಟ್ಟಿದ್ದ ಭ್ರೂಣಗಳಿಂದ ಮನುಷ್ಯರನ್ನು ಹುಟ್ಟಿಸುತ್ತದೆ. ಆ ಮಕ್ಕಳನ್ನು ಸಾಕಿ ಬೆಳೆಸುವುದು ಯಂತ್ರಗಳು. ಅವರಿಗೆ ಕಲಿಸಬೇಕೆಂದು ಕೂಡಿಟ್ಟಿದ್ದ ಅಪೋಲೋ ಎಂಬ ಜ್ಞಾನಭಂಡಾರವನ್ನು ಟೆಡ್ ಫಾರೋ ಎಂಬ ಉದ್ಯಮಿ ಮೊದಲೇ ಅಳಿಸಿಹಾಕಿರುತ್ತಾನೆ. ಹೀಗಾಗಿ ಹೊರಜಗತ್ತಿಗೆ ಕಾಲಿಡುವಾಗ ಅವರ ಬಳಿ ಒಂದು ಹಾಡಿಲ್ಲ, ಒಂದು ಹಬ್ಬವಿಲ್ಲ, ಕಥೆ ಹೇಳುವ ಅಜ್ಜಿಯಂತೂ ಇಲ್ಲವೇ ಇಲ್ಲ. ನೋರಾ ಜನ ಬೆಟ್ಟವೊಂದನ್ನು ಮಹಾತಾಯಿ ಎಂದು ಪೂಜಿಸುವುದಕ್ಕೂ ತಾಯಂದಿರಿಗೆ ಅಧಿಕಾರ ಕೊಟ್ಟಿರುವುದಕ್ಕೂ, ಅವರ ಪೂರ್ವಜರು ಆ ಬೆಟ್ಟದ ಒಳಗಿನ ಯಂತ್ರಗರ್ಭದಿಂದ ಹೊರಬಂದದ್ದೇ ಕಾರಣ. ಈ ಭಾಗದ ಕಲ್ಪನೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆದರೆ ಈ ಅಜ್ಜಿಯಿಲ್ಲದ ಜನಕ್ಕೆ ಗರಿಗಳ ಅಲಂಕಾರ, ಮಣಿಸರ, ಮುಖದ ಮೇಲಿನ ಬಣ್ಣದ ಗೆರೆ, ಕೂದಲ ಹೆಣಿಗೆ, ಇವೆಲ್ಲ ಎಲ್ಲಿಂದ ಬಂದವು? ಕನ್ನಡದ ಬುಡಕಟ್ಟು ಎಂಬ ಪದದೊಳಗೆ ಬುಡವೊಂದಿದೆ. ನೋರಾಗಳಿಗೆ ಆ ಬುಡವೇ ಇಲ್ಲವೆಂದು ಹೇಳುವ ಕಥೆಯೇ ಅವರನ್ನು ಉತ್ತರ ಅಮೆರಿಕದ ಮೂಲನಿವಾಸಿಗಳ ನೆನಪು ಬರುವಂತೆ ಸಿಂಗರಿಸಿ ನಿಲ್ಲಿಸಿದೆ. ಅವರ ಯೋಧರ ಹೆಸರು ‘ಬ್ರೇವ್’. ಮೂಲನಿವಾಸಿ ಯೋಧರನ್ನು ಬಿಳಿಯರು ಕರೆಯುತ್ತಿದ್ದ ಹೆಸರದು. ಆಟ ಬಂದ ಹೊಸತರಲ್ಲಿ ಮೂಲನಿವಾಸಿ ಸಮುದಾಯದ ಬರಹಗಾರ್ತಿಯೊಬ್ಬರು ಇದನ್ನು ಎತ್ತಿ ತೋರಿಸಿದಾಗ, ಕಥಾ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಗೊನ್ಸಾಲೆಸ್ ಅವರು, ಯಾವ ಪದಗಳು ನೋವುಂಟುಮಾಡಬಹುದೆಂದು ತಾವು ಹುಡುಕಿ ನೋಡಿದ್ದಾಗಿಯೂ ಈ ಪದ ಅಂಥದ್ದೆಂದು ಅನ್ನಿಸಲಿಲ್ಲವೆಂದೂ ಉತ್ತರಿಸಿದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಶಂಕೆಯಿಲ್ಲ. ಪದಗಳ ಪಟ್ಟಿಯನ್ನು ಪರಿಶೀಲಿಸಿದವರು ಚಿತ್ರವನ್ನೂ ಹಾಗೆಯೇ ಪರಿಶೀಲಿಸಬೇಕಿತ್ತು ಎಂಬುದಷ್ಟೇ ನನ್ನ ಆಕ್ಷೇಪ.

ಈ ವಿಷಯದಲ್ಲಿ ನಾವೂ ಸಾಚಾ ಅಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಕಾಡಿನ ಜನರನ್ನು ತೋರಿಸಬೇಕಾದಾಗ ತಲೆಗೆ ಗರಿಯ ಕಿರೀಟ, ಸೊಂಟಕ್ಕೆ ಎಲೆಯ ಲಂಗ, ಬಾಯಿಗೆ ಅರ್ಥವಿಲ್ಲದ ಕೂಗು ಕೊಟ್ಟು ಕುಣಿಸುವುದು ನಮ್ಮ ಸಿನಿಮಾಗಳ ಹಳೆಯ ಚಾಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನಾಗಲಿ ಕೊಡಗಿನ ಜೇನುಕುರುಬರನ್ನಾಗಲಿ ಒಮ್ಮೆ ಕಣ್ಣಾರೆ ಕಂಡವರಿಗೆ ಆ ವೇಷ ನಗೆ ತರಿಸುತ್ತದೆ.

ಗರಿಯೆಂದರೆ ಬರಿಯ ಗರಿಯಲ್ಲ ಎಂಬುದನ್ನು ಸ್ವಲ್ಪ ವಿವರಿಸಬೇಕು. ಅಮೆರಿಕದ ಬಯಲುಸೀಮೆಯ ಲಕೋಟಾ, ಷೈಯೆನ್ ಮುಂತಾದ ಜನರಲ್ಲಿ ಹದ್ದಿನ ಗರಿಯನ್ನು ಯಾರು ಬೇಕಾದರೂ ಮುಡಿಯುವಂತಿರಲಿಲ್ಲ. ಒಂದೊಂದು ಗರಿಯನ್ನೂ ಸಾಹಸದಿಂದಲೋ ಸೇವೆಯಿಂದಲೋ ಸಂಪಾದಿಸಬೇಕಿತ್ತು. ಆಟಗಳಿಗೆ ಬಂದೊಡನೆ ಈ ಅರ್ಥ ಉದುರಿಹೋಗಿ ಬಣ್ಣವೊಂದೇ ಉಳಿಯುತ್ತದೆ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಟಾರೆನ್ ಎಂಬ ಎತ್ತಿನ ಮುಖದ ಜನರ ರಾಜಧಾನಿಯಲ್ಲಿ ಬಯಲುಸೀಮೆಯವರ ಶಂಕುವಿನಾಕಾರದ ಗುಡಾರಗಳ ಪಕ್ಕದಲ್ಲಿಯೇ, ಪೆಸಿಫಿಕ್ ಕರಾವಳಿಯ ಹೈದಾ, ಟ್ಲಿಂಗಿಟ್ ಜನರ ಕೆತ್ತನೆಯ ಕಂಬಗಳನ್ನು ನೆನಪಿಸುವ ಕಂಬಗಳು ನಿಂತಿವೆ. ಆ ಕಂಬಗಳಲ್ಲಿರುವುದು ಮನೆತನಗಳ ಚರಿತ್ರೆ. ಬಹು ದೂರದ, ಬೇರೆ ಬೇರೆ ಭಾಷೆಗಳ ಜನರನ್ನು ಒಂದೇ ಊರಿಗೆ ತುಂಬಿ, ಮೇಲೆ ಕೋಡನ್ನೂ ಇಟ್ಟಿದ್ದಾರೆ.

‘ಆಟವನ್ನು ಆಟದ ಹಾಗೆ ನೋಡಿ ಸಾರ್, ಕಡ ತರದ ಕಲ್ಪನೆ ಯಾವುದಿದೆ’ ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಕಡ ತರುವುದರ ವಿರುದ್ಧ ನನ್ನ ಮಾತೇ ಇಲ್ಲ. 2017ರಲ್ಲಿಯೇ ಬಂದ, ಝೆಲ್ಡಾ ಎಂಬ ಜಪಾನಿ ಸರಣಿಯ ಬ್ರೆತ್ ಆಫ್ ದ ವೈಲ್ಡ್ ಆಟದಲ್ಲಿ ಶೀಕಾ ಎಂಬ ಪ್ರಾಚೀನ ಜನರ ಯಂತ್ರಗಳಿವೆ. ಅವುಗಳ ವಿನ್ಯಾಸಕ್ಕೆ ಪ್ರೇರಣೆ ಜಪಾನಿನ ಜೋಮೋನ್ ಕಾಲದ ಮಡಕೆಗಳು. ಬಾಯಂಚಿನಲ್ಲಿ ಜ್ವಾಲೆಗಳೆದ್ದಂತೆ ಕಾಣುವ, ಸುಮಾರು 5,000 ವರ್ಷಗಳ ಹಿಂದೆ ಕೈಯಲ್ಲೇ ತಟ್ಟಿ ಮಾಡಿದ ಮಡಕೆಗಳು. ಜಪಾನಿಗರು ತಮ್ಮದೇ ನೆಲದ ಮಣ್ಣಿನ ಪಾತ್ರೆಯನ್ನು ದಿಟ್ಟಿಸಿ, ಅದರಿಂದ ಹಿಂದೆಂದೂ ಇರದಿದ್ದ ಯಂತ್ರವನ್ನು ಎಬ್ಬಿಸಿದ್ದು ನಿಜವಾದ ಕಲ್ಪನೆ. ಅದೇ ಸರಣಿಯ 1998ರ ಆಟದಲ್ಲಿ ಮರುಭೂಮಿಯ ಕಳ್ಳಿಯರಾದ ಗೆರುಡೋ ಜನರಿಗೆ ಅರ್ಧಚಂದ್ರ ಮತ್ತು ನಕ್ಷತ್ರದ ಲಾಂಛನ ಕೊಟ್ಟಿದ್ದರು. ಇಸ್ಲಾಮಿನ ಗುರುತೆಂದು ಲೋಕವೆಲ್ಲ ಬಲ್ಲ ಚಿಹ್ನೆಗೆ ಅದು ತೀರ ಹತ್ತಿರವಾಗಿತ್ತು. ಮುಂದಿನ ಆವೃತ್ತಿಗಳಲ್ಲಿ ಅದನ್ನು ಬದಲಿಸಲಾಯಿತು. ತಮ್ಮ ಅಂಗಳದ್ದನ್ನು ಎತ್ತಿಕೊಳ್ಳುವಾಗ ಇದ್ದ ತಾಳ್ಮೆ ಬೇರೆಯವರ ಅಂಗಳಕ್ಕೆ ಕೈಹಾಕುವಾಗ ಇರಲಿಲ್ಲ.

ಗೆರಿಲ್ಲಾದವರಿಗೂ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. 2022ರ ಎರಡನೆಯ ಆಟ ಫರ್ಬಿಡನ್ ವೆಸ್ಟ್‌ನಲ್ಲಿ ಟೆನಾಕ್ತ್ ಎಂಬ ಯೋಧ ಜನಾಂಗವಿದೆ. ಹಾಳುಬಿದ್ದ ಸೈನಿಕ ವಸ್ತುಸಂಗ್ರಹಾಲಯವೊಂದರಲ್ಲಿ ಮಿನುಗುವ ಬೆಳಕಿನ ಬೊಂಬೆಗಳನ್ನು ಕಂಡು, ಅವು ಆಡುವ ಶೌರ್ಯದ ಮಾತುಗಳನ್ನೇ ವೇದವಾಗಿ ಸ್ವೀಕರಿಸಿದವರು ಅವರು. ಅಲ್ಲಿ ಸ್ಮರಿಸಲಾಗಿರುವ ಸೈನ್ಯದ ಹತ್ತನೆಯ ಪಡೆಯಿಂದಲೇ ಅವರ ಹೆಸರು ಹುಟ್ಟಿದೆ. ಇನ್ನು ಕ್ವೆನ್ ಎಂಬ ಕಡಲಾಚೆಯ ಜನ ಹಳೆಯ ಕಡತಗಳನ್ನು ಅರೆಬರೆ ಓದಿಕೊಂಡು, ಸಿ.ಇ.ಒ. ಎಂಬ ಅಕ್ಷರಗಳನ್ನು ಕೂಡಿಸಿ ‘ಸಿಯೋ’ ಎಂದು ಉಚ್ಚರಿಸುತ್ತ, ಆ ಪದವಿಯವನ ಮುಂದೆ ತಲೆಬಾಗುತ್ತಾರೆ. ಲೋಕನಾಶಕ್ಕೆ ಕಾರಣನಾದ ಫಾರೋ ಅವರ ಪಾಲಿಗೆ ಪೂಜ್ಯ ಪೂರ್ವಜ. ಐ.ಟಿ. ಕಂಪನಿಯಲ್ಲಿ ಕೆಲಸ ಮಾಡುವ ನಾನು ಆ ದೃಶ್ಯಕ್ಕೆ ನಕ್ಕಷ್ಟು ಬೇರೆ ಯಾವುದಕ್ಕೂ ನಗಲಿಲ್ಲ. ಈ ಎರಡೂ ಜನಾಂಗಗಳ ನಂಬಿಕೆಗಳು ಆಟದ ಕಥೆಯ ಒಳಗಿಂದಲೇ ಮೊಳೆತಿವೆ. ಟೆನಾಕ್ತ್‌ಗಳ ಮೈಬಣ್ಣ, ಶಿರಸ್ತ್ರಾಣಗಳಲ್ಲಿ ಮಾತ್ರ ಹಳೆಯ ಚಾಳಿ ಇಣುಕುತ್ತದೆ.

ಬದುಕಿರುವ ಜನರ ಸಂಸ್ಕೃತಿಯನ್ನೇ ಆಟವಾಗಿಸಬೇಕೆಂದರೆ ಅದಕ್ಕೂ ದಾರಿಯಿದೆ. 2012ರ ಅಸಾಸಿನ್ಸ್ ಕ್ರೀಡ್ 3ರ ತಂಡ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಮೊಹಾಕ್ ಸಮುದಾಯದವರ ಸಲಹೆ ಕೇಳಿ, ಪವಿತ್ರವಾದ ಮುಖವಾಡಗಳನ್ನು ಆಟದಿಂದ ಕೈಬಿಟ್ಟಿತು. 2014ರ ನೆವರ್ ಅಲೋನ್ ಇನ್ನೂ ಮುಂದೆ ಹೋಯಿತು. ಅದು ಅಲಾಸ್ಕಾದ ಮೂಲನಿವಾಸಿಗಳ ಸಂಸ್ಥೆಯಾದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ತಾನೇ ಹಣ ಹೂಡಿ ಮಾಡಿಸಿದ ಆಟ. ಹಿಮಗಾಳಿಯ ಮೂಲ ಹುಡುಕಿ ಹೊರಟ ನೂನಾ ಎಂಬ ಹುಡುಗಿ ಮತ್ತು ಅವಳ ಜೊತೆಗಾರ ನರಿಯ ಕಥೆ. ಕಥೆಯನ್ನು ಹೇಳುವ ದನಿ ಇನ್ಯೂಪಿಯಾಕ್ ಭಾಷೆಯದು. ಅದಕ್ಕೆ ಆಧಾರವಾದ ಕಥೆಯನ್ನು ರಾಬರ್ಟ್ ನಸ್ರುಕ್ ಕ್ಲೀವ್‌ಲೆಂಡ್ ಎಂಬ ಕಥೆಗಾರರು ಹೇಳುತ್ತಿದ್ದರು. ಅವರು ತೀರಿಕೊಂಡಿದ್ದರಿಂದ ತಂಡದವರು ಅವರ ಮಗಳು ಮಿನಿ ಗ್ರೇ ಅವರ ಒಪ್ಪಿಗೆ ಪಡೆದು ಮುಂದುವರಿದರು. ಅಲ್ಲಿ ಕಥೆಗೊಂದು ಮನೆಯಿದೆ, ಮನೆಯ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕೆಂಬ ತಿಳಿವಳಿಕೆಯಿತ್ತು.

ಮತ್ತೆ ನೋರಾಗಳ ಕಣಿವೆಗೆ ಬರುತ್ತೇನೆ. ಅದು ಇಂದಿನ ಕೊಲೊರಾಡೊ. ಯೂಟ್, ಅರಾಪಹೊ, ಷೈಯೆನ್ ಜನರ ನೆಲ. ಪಕ್ಕದ ಯೂಟಾ ರಾಜ್ಯದ ಹೆಸರೇ ಯೂಟ್ ಜನರಿಂದ ಬಂದದ್ದು. 1864ರ ನವೆಂಬರ್ 29ರಂದು ಆ ನೆಲದ ಸ್ಯಾಂಡ್ ಕ್ರೀಕ್ ದಂಡೆಯಲ್ಲಿ ಸುಮಾರು 230 ಮಂದಿ ಷೈಯೆನ್ ಮತ್ತು ಅರಾಪಹೊ ಜನರನ್ನು ಅಮೆರಿಕದ ಸೈನಿಕರು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅದೇ ಸೀಮೆಯಲ್ಲಿ ಅಮೆರಿಕದ ವಾಯುಪಡೆಯ ಅಕಾಡೆಮಿಯ ಚರ್ಚೊಂದಿದೆ, 17 ಚೂಪು ಗೋಪುರಗಳದ್ದು, 1962ರಲ್ಲಿ ಕಟ್ಟಿ ಮುಗಿಸಿದ್ದು. ಆಟದವರು ಅದರ ಅವಶೇಷವನ್ನು, ಸಾವಿರ ವರ್ಷಗಳ ನಂತರವೂ ಅಲ್ಲಿಯವರು ನೋಡಿದೊಡನೆ ಗುರುತಿಸುವಷ್ಟು ಅಕ್ಕರೆಯಿಂದ ಚಿತ್ರಿಸಿದ್ದಾರೆ. ಆ ಕಣಿವೆಯಲ್ಲಿ ಯೂಟ್ ಜನರ ಒಂದು ಹೆಸರಾದರೂ ಸಿಕ್ಕೀತೇ ಎಂದು ಎರಡನೆಯ ಬಾರಿ ಆಡುವಾಗ ಬೇಕೆಂದೇ ಹುಡುಕಿದೆ. ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ.