ತೋಟದ ಕಾಲುವೆಯಲ್ಲಿ ಹೊಳೆಯುವುದು ಡೀಸೆಲ್ ಅಲ್ಲ: ಸತ್ಯಾಂಶ

ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟಗಳ ಬಸಿಗಾಲುವೆಯಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣದ ಪದರವು ಡೀಸೆಲ್ ಅಥವಾ ವಿಷ ರಾಸಾಯನಿಕದ ಸೋರಿಕೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಸಾಮಾನ್ಯವಾಗಿ ಇದು ನಿಜವಲ್ಲ; ಅದು ಹೆಚ್ಚಾಗಿ ಮಣ್ಣಿನಲ್ಲಿರುವ ಕಬ್ಬಿಣದಿಂದಲೇ ಉಂಟಾಗುವ ತೆಳು ಪದರ. ಕಡ್ಡಿಯಿಂದ ಮೆಲ್ಲನೆ ಕಲಕಿ ನೋಡಿ: ಎಣ್ಣೆಯಾದರೆ ಸುಳಿದು ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪದರವಾದರೆ ತೆಳುಗಾಜಿನಂತೆ ಚೂರುಚೂರಾಗಿ ಒಡೆದು ಹಾಗೆಯೇ ತೇಲುತ್ತದೆ.

ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ, ಅಂದರೆ ತುಕ್ಕಿನಂಥ ವಸ್ತುವಿನಿಂದ. ನೀರು ನಿಂತು ಮಣ್ಣಿಗೆ ಗಾಳಿ ಸಿಗದಾದಾಗ ಜಿಯೋಬ್ಯಾಕ್ಟರ್‌ನಂಥ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಈ ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸಿ ಅದನ್ನು ಕರಗುವ ರೂಪಕ್ಕೆ ತರುತ್ತವೆ. ಆ ನೀರು ಕಾಲುವೆಗೆ ಜಿನುಗಿ ಗಾಳಿ ಸೋಕಿದಾಗ, ಲೆಪ್ಟೋಥ್ರಿಕ್ಸ್‌ನಂಥ ಬ್ಯಾಕ್ಟೀರಿಯಾಗಳ ನೆರವಿನಿಂದ, ಕಬ್ಬಿಣ ಮತ್ತೆ ತುಕ್ಕಾಗಿ ಪದರಗಟ್ಟುತ್ತದೆ.

ಭೂವಿಜ್ಞಾನಿಗಳು ಇದನ್ನು ಅಭ್ಯಸಿಸುವುದಕ್ಕೆ ಇನ್ನೊಂದು ಕಾರಣವಿದೆ, ನಮ್ಮ ಕೃಷಿಕರು ತಿಳಿಯಬೇಕಾದದ್ದು ಮುಖ್ಯವಾಗಿ ಅದನ್ನೇ ಎಂದು ನನಗೆ ಅನ್ನಿಸುತ್ತದೆ. ದರಗು, ಸೊಪ್ಪು ಕೊಳೆತು ಮಣ್ಣಿಗೆ ಸೇರುವ ಇಂಗಾಲದ ಒಂದು ಭಾಗವನ್ನು ಕಬ್ಬಿಣದ ಆಕ್ಸೈಡ್ ತನಗೆ ಅಂಟಿಸಿಕೊಂಡು ಬೇಗ ಕೊಳೆಯದಂತೆ ಕಾಪಾಡುತ್ತದೆ. ಸಾಗರತಳದ ಕೆಸರಿನಲ್ಲಿರುವ ಸಾವಯವ ಇಂಗಾಲದ ಸುಮಾರು ಐದನೆಯ ಒಂದು ಭಾಗ ಹೀಗೆ ಕಬ್ಬಿಣಕ್ಕೆ ಕಟ್ಟಿಕೊಂಡಿದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಬಸಿಯುವ ದಾರಿ ಮುಚ್ಚಿ ತೋಟದಲ್ಲಿ ನೀರು ಬಹುಕಾಲ ನಿಂತರೆ ಕಬ್ಬಿಣ ಕರಗುತ್ತದೆ, ಅದರೊಂದಿಗೆ ಆ ಇಂಗಾಲವೂ ಸಡಿಲಗೊಂಡು ಸೂಕ್ಷ್ಮಜೀವಿಗಳ ಆಹಾರವಾಗುತ್ತದೆ.