ಗಾಜಿನ ಬಚ್ಚಲು, ಪ್ಲಾಸ್ಟಿಕ್ ಹುಲ್ಲು, ರಾತ್ರಿಗೆ 7,499

ಕೆಲವು ದಿನಗಳಿಂದ ಫೋನ್ ತೆಗೆದರೆ ಸಾಕು, ಅದೇ ಗಾಜಿನ ಗುಮ್ಮಟ. ಸಕಲೇಶಪುರದ ಕಡೆಯ ಯಾವುದೋ ಗುಡ್ಡದ ನೆತ್ತಿ, ಅದರ ಮೇಲೆ ಆರ್‌ಪಾರ್ ಕಾಣುವ ಗುಮ್ಮಟ, ಒಳಗೆ ಬಿಳಿ ಹಾಸಿಗೆ, ಹಾಸಿಗೆ ಪಕ್ಕದಲ್ಲೇ ಬಾತ್‌ಟಬ್, ಟಬ್ ತುಂಬ ಗುಲಾಬಿ ಎಸಳು. ನೀವೂ ನೋಡಿರುತ್ತೀರಿ. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಯಾರೋ ಚಿಕ್ಕಪ್ಪನ ಮಗ ಹಾಕಿ 'ಪ್ಲಾನ್ ಮಾಡೋಣ್ವಾ?' ಅಂತ ಕೇಳಿರುತ್ತಾನೆ, ಎಲ್ಲರೂ ಹೆಬ್ಬೆರಳು ಎತ್ತಿರುತ್ತೀರಿ, ಅಲ್ಲಿಗೆ ಪ್ಲಾನ್ ಮುಗಿದಿರುತ್ತದೆ.

ಬೆಲೆ 7,499. ಇದರಲ್ಲೊಂದು ಜಾಣತನ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 12 ಪರ್ಸೆಂಟ್ ಇದ್ದದ್ದು 5ಕ್ಕೆ ಇಳಿಯಿತು. ಅದನ್ನು ದಾಟಿದರೆ 18. ಹಾಗಾಗಿ ರೂಮು ಮಾತ್ರ ಗೆರೆಯ ಈಚೆಗೇ ನಿಂತುಕೊಂಡಿತು. ಕ್ಯಾಂಪ್‌ಫೈರು, ಜೀಪು, ರಾತ್ರಿ ಬಾರ್ಬೆಕ್ಯೂ ಎಲ್ಲ ಬೇರೆ ಬಿಲ್ಲು. ಗುಲಾಬಿ ಎಸಳಿಗೂ ಬೇರೆ ದುಡ್ಡು, ಹೌದು.

ಗುಮ್ಮಟ ಇರಲಿ ಬಿಡಿ. ನನ್ನ ತಕರಾರು ಬಚ್ಚಲಿನದು. ಬಚ್ಚಲಿಗೂ ಮಲಗುವ ಕೋಣೆಗೂ ನಡುವೆ ಗಾಜಿನ ಗೋಡೆ ಇರಬೇಕು ಅಂತ ಮೊದಲು ತೀರ್ಮಾನ ಮಾಡಿದ ಪುಣ್ಯಾತ್ಮ ಯಾರು? ಸಿಟಿ ಹೋಟೆಲುಗಳಲ್ಲಿ ಶುರುವಾದ ರೋಗ ಈಗ ಕಾಫಿ ತೋಟಕ್ಕೂ ಹತ್ತಿದೆ. ಹೊಸದಾಗಿ ಮದುವೆ ಆದವರಿಗೆ ಅಂತ ಸಮಜಾಯಿಷಿ ಕೊಡುತ್ತಾರೆ. ಅವರಿಗಾದರೂ ಇದು ಯಾಕೆ ಬೇಕು? ಇನ್ನು ಮದುವೆಯಾಗಿ ಇಪ್ಪತ್ತು ವರ್ಷ ಕಳೆದವರಿಗಂತೂ ಒಬ್ಬರಿಗೊಬ್ಬರು ಕಾಣದೆ ಹತ್ತು ನಿಮಿಷ ನೆಮ್ಮದಿಯಾಗಿ ಕೂರುವ ಜಾಗ ಅಂತ ಮನೆಯಲ್ಲಿ ಉಳಿದಿದ್ದದ್ದೇ ಅದೊಂದು.

ಕಳೆದ ಬೇಸಿಗೆ ರಜೆಯಲ್ಲಿ ನಾವು ಅಮ್ಮನನ್ನೂ ಕರೆದುಕೊಂಡು ಹೋಗಿದ್ದ ಜಾಗದಲ್ಲಿ ಪುಣ್ಯಕ್ಕೆ ಗಾಜಿರಲಿಲ್ಲ. ಹೆಸರು ಬೇಡ, ಎಲ್ಲವೂ ಒಂದೇ ಥರ ಇವೆ. ಗಾಜಿನ ಬದಲು ಕೊಟ್ಟಿಗೆ ಬಾಗಿಲಿತ್ತು. ಮೇಲೆ ಒಂದು ಕಬ್ಬಿಣದ ಪಟ್ಟಿ, ಅದಕ್ಕೆ ನೇತುಹಾಕಿದ ದಪ್ಪ ಮರದ ಹಲಗೆ, ತಳ್ಳಿದರೆ ಗಡಗಡ ಅಂತ ಉರುಳುತ್ತದೆ. ಚಿಲಕ ಇಲ್ಲ. ಹಲಗೆಗೂ ಗೋಡೆಗೂ ಮಧ್ಯೆ ಎರಡು ಬೆರಳು ಸಂದು. ಎಡಗಡೆ ಸಂದು ಮುಚ್ಚಿದರೆ ಬಲಗಡೆ ತೆರೆದುಕೊಳ್ಳುತ್ತದೆ. ಹೀಗಾಗಿ ಅಮ್ಮ ಸ್ನಾನಕ್ಕೆ ಹೊರಟರೆ ಉಳಿದವರೆಲ್ಲ ಜಗಲಿಗೆ ಹೋಗಿ ಕಾಡು ನೋಡುತ್ತ ನಿಲ್ಲಬೇಕು. ಪ್ರಕೃತಿಯ ಮಡಿಲಲ್ಲಿ ಸಮಯ ಕಳೆಯಿರಿ ಅಂತ ಬುಕಿಂಗ್ ಮಾಡುವಾಗ ಬರೆದಿದ್ದರು, ಹೀಗೆ ಅಂತ ಗೊತ್ತಿರಲಿಲ್ಲ.

'ಏನೋ ಇದು, ಇಷ್ಟೊಂದು ದುಡ್ಡು ತಗೊಂಡು ಒಂದು ಚಿಲಕ ಹಾಕ್ಸೋಕೆ ಆಗ್ಲಿಲ್ವಾ ಇವ್ರಿಗೆ?' ಅಂದಳು ಅಮ್ಮ. ಮ್ಯಾನೇಜರನ್ನು ಕೇಳಿದೆ. 'ಡಿಸೈನೇ ಹಾಗೆ ಸರ್, ಓಪನ್ ಕಾನ್ಸೆಪ್ಟು' ಅಂದ. ಕಾನ್ಸೆಪ್ಟಿನ ಮೇಲೆ ಒಂದು ಬೆಡ್‌ಶೀಟ್ ನೇತುಹಾಕಿದೆವು.

ಉಳಿದ ಅಲಂಕಾರಕ್ಕೆ ನಮ್ಮ ಅಜ್ಜಿ ಮನೆ ಅಟ್ಟವನ್ನೇ ಕೆಳಗಿಳಿಸಿಟ್ಟಿದ್ದರು. ತಾಮ್ರದ ಹಂಡೆಗೆ ತೂತು ಕೊರೆದು ವಾಷ್‌ಬೇಸಿನ್. ದೀಪದ ಬುರುಡೆಗೆ ಮೊರದ ಟೋಪಿ. ಬೀಸುಕಲ್ಲಿನ ಮೇಲೊಂದು ಗಾಜು ಇಟ್ಟರೆ ಅದು ಟೀಪಾಯಿ. ಬಾಗಿಲ ಬಳಿ ದೊಡ್ಡ ಒರಳುಕಲ್ಲು, ಒಳಗೆ ನೀರು, ನೀರಲ್ಲಿ ಚೆಂಡು ಹೂವು. ಗುಂಡುಕಲ್ಲು ಎಲ್ಲಿಗೆ ಹೋಯಿತೋ. ಅಮ್ಮ ಅದನ್ನು ಬಗ್ಗಿ ನೋಡಿ, ಬಲಗೈಯಿಂದ ಎಡಭುಜ ಒತ್ತಿಕೊಂಡು, 'ಇದರಲ್ಲಿ ರುಬ್ಬಿ ರುಬ್ಬಿನೇ ಈ ಭುಜ ಹೋಗಿದ್ದು, ಈಗ ಇದನ್ನ ನೋಡೋಕೆ ದುಡ್ಡು ಕೊಟ್ಟು ಬಂದ್ವಾ?' ಅಂತ ಕೇಳಿದಳು. ಉತ್ತರ ಹೇಳಬೇಕಾದವರು ಒಳಾಂಗಣ ವಿನ್ಯಾಸಗಾರರು. ಅವರು ಬೆಂಗಳೂರಿನಲ್ಲಿದ್ದಾರೆ.

ನೆಲ ರೆಡ್ ಆಕ್ಸೈಡ್. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಮೇಸ್ತ್ರಿ ಮಂಡಿಯೂರಿ ಕೂತು, ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಬರಿಸಿದ ನೆಲ ಅದು. ಬರಿಗಾಲಲ್ಲಿ ಓಡಾಡಿದಷ್ಟೂ ಹೊಳಪು ಜಾಸ್ತಿ. ಅಂಥ ನೆಲವನ್ನು ನಾವೇ ಊರೂರಲ್ಲಿ ಒಡೆದು ಹಾಕಿದೆವು. ಮೊದಲು ಮೊಸಾಯಿಕ್, ಆಮೇಲೆ ವಿಟ್ರಿಫೈಡ್. ಒಡೆದಾಗ ಯಾರಿಗೂ ಬೇಜಾರಾಗಲಿಲ್ಲ, ಗೃಹಪ್ರವೇಶಕ್ಕೆ ಹೋಳಿಗೆ ಊಟ ಹಾಕಿಸಿದೆವು. ಈಗ ಅದನ್ನು ಬಿರುಕು ಬಿಡದ ಹಾಗೆ ಹಾಕಬಲ್ಲ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಬೇಕು. ಸಿಗದಿದ್ದರೆ ರೆಡ್ ಆಕ್ಸೈಡಿನ ಚಿತ್ರ ಅಚ್ಚಾಗಿರುವ ಟೈಲ್ಸ್ ಹಾಕುತ್ತಾರೆ. ಅಂದರೆ ಯಾವುದಕ್ಕೋಸ್ಕರ ಅದನ್ನು ಒಡೆದೆವೋ, ಅದರ ಮೇಲೇ ಅದರ ಫೋಟೋ.

ಹೆಂಚಿನ ಕಥೆಯೂ ಇದೇ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಈ ಕೆಂಪು ಹೆಂಚು ಏರದ ಊರಿಲ್ಲ. ಹಳೇ ಮನೆಯಿಂದ ಹೆಂಚು ಇಳಿಸಿ ಶೀಟು ಹೊದಿಸಿದವರು ನಾವು. ಆ ಹಳೇ ಹೆಂಚನ್ನು ಕೊಂಡುಕೊಂಡು, ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಸಿಮೆಂಟ್ ಹಚ್ಚಿ ಕೂರಿಸಿ, 'ಹೆರಿಟೇಜ್ ಕಾಟೇಜ್' ಅಂತ ಬೋರ್ಡು ಹಾಕಿದವರು ಇವರು. ಕೆಳಗೆ ಸ್ಲ್ಯಾಬ್ ಇರುವಾಗ ಹೆಂಚಿಗೆ ಅಲ್ಲಿ ಮಾಡೋಕೆ ಏನೂ ಕೆಲಸ ಇಲ್ಲ. ಫೋಟೋಗೆ ನಿಂತಿದೆ, ಅಷ್ಟೇ.

ನನ್ನದೊಂದು ಸಲಹೆ, ಫ್ರೀ ಆಗಿ ಕೊಡುತ್ತಿದ್ದೇನೆ. ಇಷ್ಟೆಲ್ಲ ಅಸಲಿತನ ಬೇಕಿದ್ದರೆ ಎಸ್ಟೇಟಿನ ಲೈನ್ ಮನೆಯನ್ನೇ ಯಾಕೆ ಬಾಡಿಗೆಗೆ ಬಿಡಬಾರದು? ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಮಸಿ ಹಿಡಿದ ಗೋಡೆ, ಇಡೀ ಸಾಲಿಗೆ ಒಂದು ನಲ್ಲಿ. ಒಳಾಂಗಣಕ್ಕೆ ಖರ್ಚೇ ಇಲ್ಲ. ತೊಂದರೆ ಒಂದೇ, ಅಲ್ಲಿ ಈಗಾಗಲೇ ಜನ ಇದ್ದಾರೆ. ನಿಮ್ಮ ರೂಮಿನ ಬೆಡ್‌ಶೀಟ್ ಬದಲಾಯಿಸಲು ಬೆಳಿಗ್ಗೆ ಬರುವವರು ಅವರೇ.

ಎ ಫ್ರೇಮ್ ಮನೆ ಅಂತ ಇನ್ನೊಂದು ಬಂದಿದೆಯಲ್ಲ, ಚಾವಣಿಯೇ ಇಳಿದು ನೆಲ ಮುಟ್ಟುವಂಥದ್ದು, ಹಿಮ ಬೀಳುವ ದೇಶಗಳಲ್ಲಿ ಅದು ಜಾಣ ಕಟ್ಟಡ. ಹಿಮ ನಿಲ್ಲದೆ ಜಾರಿಹೋಗುತ್ತದೆ. ಮಲೆನಾಡಿನಲ್ಲಿ ಹಿಮ ಇಲ್ಲ, ಮಳೆ ಇದೆ. ಇಲ್ಲಿನ ಹಳಬರು ಅದಕ್ಕೆ ಉದ್ದ ಸೂರು ಬಿಟ್ಟರು, ಜಗಲಿ ಕಟ್ಟಿದರು, ಇರಿಚಲು ಗೋಡೆ ಮುಟ್ಟದ ಹಾಗೆ ನೋಡಿಕೊಂಡರು. ಇವರು ಜಗಲಿ ಕಿತ್ತು, ಎದುರಿಗೆ ಎರಡಾಳೆತ್ತರ ಗಾಜು ಹಾಕಿದರು. ಜುಲೈನಲ್ಲಿ ಹೋಗಿ ನೋಡಿ, ಒಳಗೆಲ್ಲ ಬೂಷ್ಟಿನ ವಾಸನೆ. ಏಪ್ರಿಲ್‌ನಲ್ಲಿ ಹೋದರೆ ಅದೇ ಗಾಜಿನಿಂದ ಬಿಸಿಲು ಒಳಗೆ ಬಂದು ಹೊರಗೆ ಹೋಗಲ್ಲ, ಆಗ ಎಸಿ. ಕಾಫಿ ತೋಟದ ನೆರಳಿನಲ್ಲಿ ಎಸಿ!

ಪ್ಲಾಸ್ಟಿಕ್ ಹುಲ್ಲಿಗೆ ಬರೋಣ. ಬೇಡ ಬೇಡ ಅಂದರೂ ಹುಲ್ಲು ಬೆಳೆಯುವ ಊರು ಅದು. ಗೋಡೆ ಸಂದಿನಲ್ಲಿ ಬೆಳೆಯುತ್ತದೆ, ನಿಲ್ಲಿಸಿದ ಸ್ಕೂಟರಿನ ಸೀಟಿನಲ್ಲಿ ಬೆಳೆಯುತ್ತದೆ. ಅಂಥ ಕಡೆ ನೆಲ ಕೆರೆದು, ಜಲ್ಲಿ ಹಾಕಿ, ಹಸಿರು ಪ್ಲಾಸ್ಟಿಕ್ ಹಾಸುತ್ತಾರೆ. ಯಾಕೆ ಅಂದರೆ ಅಸಲಿ ಹುಲ್ಲಿನಲ್ಲಿ ಇಂಬಳ ಇರುತ್ತದಂತೆ. ಆ ಪ್ಲಾಸ್ಟಿಕ್ ಹುಲ್ಲಿನ ನಡುವೆ ಒಬ್ಬ ಫೈಬರ್ ಬುದ್ಧ ಕಣ್ಣು ಮುಚ್ಚಿ ಕೂತಿದ್ದಾನೆ. ಅವನ ಎದುರಿಗೇ ರೇನ್ ಡ್ಯಾನ್ಸ್, ಅಂದರೆ ಬೋರ್‌ವೆಲ್ ನೀರನ್ನು ಮೇಲಕ್ಕೆತ್ತಿ ಪೈಪಿನ ತೂತುಗಳಿಂದ ಕೆಳಗೆ ಸುರಿಸುವುದು, ಜೊತೆಗೆ ಡಿಜೆ. ನಾವಿದ್ದಾಗ ಹಿತವಾದ ಮುಂಗಾರು ಪೂರ್ವ ಮಳೆ ಶುರುವಾಯಿತು. ಕುಣಿಯುತ್ತಿದ್ದವರೆಲ್ಲ ನೆನೆಯುತ್ತೇವೆ ಅಂತ ಒಳಗೆ ಓಡಿದರು.

ಬೆಳಿಗ್ಗೆ ಫ್ಲೋಟಿಂಗ್ ಬ್ರೇಕ್‌ಫಾಸ್ಟ್. ಬೆತ್ತದ ತಟ್ಟೆಯಲ್ಲಿ ಇಡ್ಲಿ ವಡೆ ಜೋಡಿಸಿ ಈಜುಕೊಳದಲ್ಲಿ ತೇಲಿಬಿಡುವುದು. ಪಕ್ಕದ ರೂಮಿನ ಜೋಡಿ ಎದೆಮಟ್ಟ ನೀರಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ಸಾಂಬಾರು ಕ್ಲೋರಿನ್ ನೀರಿಗೆ ಸೇರಿತ್ತು. ಅವರು ಅಲ್ಲಿಂದೆದ್ದು, ಒದ್ದೆ ಬಟ್ಟೆಯಲ್ಲೇ ಡೈನಿಂಗ್ ಹಾಲಿಗೆ ಬಂದು, ಬಿಸಿ ಇಡ್ಲಿ ಹಾಕಿಸಿಕೊಂಡು ತಿಂದರು.

ಇಲ್ಲಿಯವರೆಗೆ ನಗು ಬರುತ್ತದೆ. ಆದರೆ 2024ರ ನವೆಂಬರ್‌ನಲ್ಲಿ ಉಳ್ಳಾಲದ ಹತ್ತಿರ ಉಚ್ಚಿಲದ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಹುಡುಗಿಯರು ಮುಳುಗಿ ಸತ್ತರಲ್ಲ, ನೆನಪಿದೆಯಾ? ಆಳ ಎಷ್ಟು ಅಂತ ಬರೆದಿರಲಿಲ್ಲ, ಕಾಯುವವರು ಯಾರೂ ಇರಲಿಲ್ಲ ಅಂತ ಆಗ ಎಲ್ಲ ಪೇಪರಿನಲ್ಲೂ ಬಂತು. 2025ರ ಮೇನಲ್ಲಿ ವಯನಾಡಿನ ಮೇಪ್ಪಾಡಿ ಕಡೆ ಟೆಂಟ್ ಮೇಲಿನ ಚಪ್ಪರ ಕುಸಿದು ಒಬ್ಬ ಯುವತಿ ಹೋದಳು. ಅದೇ ಮೇಪ್ಪಾಡಿಯಲ್ಲಿ 2021ರಲ್ಲಿ ಟೆಂಟಿನಲ್ಲಿದ್ದ ಮಹಿಳೆಯನ್ನು ಆನೆ ಕೊಂದಿತ್ತು. ಒಂದು ಸಾವಿಗೆ ಒಂದು ವಾರ ತಪಾಸಣೆ, ಅಷ್ಟೇ. ಆಮೇಲೆ ಮತ್ತೆ ಗುಲಾಬಿ ಎಸಳು. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟರೆ ಗಾಳಿ ಆಡೋಕೆ ಕಿಟಕಿ ಬೇಕು, ಇಲ್ಲದಿದ್ದರೆ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಾಲ್ಕು ಸಾವಿರ ಕೊಟ್ಟು ಮೊರದ ಲ್ಯಾಂಪ್‌ಶೇಡ್ ಮಾಡಿಸುವವನಿಗೆ ಒಂದು ಕಿಟಕಿ ಭಾರವಾ?

ಗುಡ್ಡದ ಮಾತೂ ಹೇಳಿಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು ಕಣ್ಣಾರೆ ನೋಡಿದ್ದೇವೆ. 2024ರ ಜುಲೈ 30ಕ್ಕೆ ವಯನಾಡು ಕುಸಿಯಿತು, ಮಾರನೇ ದಿನವೇ ಕೇಂದ್ರದ ಕರಡು ಅಧಿಸೂಚನೆ ಬಂತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ ಅದರಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ನಮ್ಮ ಸಂಪುಟ, ಆ ಕರಡಿಗೆ ಮೂಲವಾದ, ಪಶ್ಚಿಮ ಘಟ್ಟ ಉಳಿಸುವ ಬಗೆಗಿನ ಕಸ್ತೂರಿರಂಗನ್ ವರದಿಯೇ ಬೇಡ ಅಂದಿತು. ಎರಡೆಕರೆ ಅಡಿಕೆ ಇಟ್ಟುಕೊಂಡವನ ಭಯ ನನಗೆ ಅರ್ಥವಾಗುತ್ತದೆ, ಅವನು ನಾಳೆ ಕೊಟ್ಟಿಗೆ ಕಟ್ಟೋಕೂ ಪರ್ಮಿಷನ್ ಕೇಳಬೇಕಾ ಅಂತ ಹೆದರಿದ್ದಾನೆ. ಆದರೆ ಅವನನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಜೆಸಿಬಿ ತಂದು, ಇಳಿಜಾರು ಕೊರೆದು, ತುದಿಯಲ್ಲಿ ಲಕ್ಷಾಂತರ ಲೀಟರ್ ನೀರು ನಿಲ್ಲಿಸಿ ಇನ್ಫಿನಿಟಿ ಪೂಲ್ ಅನ್ನುವವರು ಬೇರೆ. ಕೆಳಗಿನ ಊರಿನವರು ಮಳೆಗಾಲದ ರಾತ್ರಿ ನಿದ್ದೆ ಮಾಡಲ್ಲ. ಸಾಕಾಗಿದೆ ನಿಜವಾಗಿ, ಪ್ರತಿ ಮಳೆಗಾಲಕ್ಕೂ ಇದನ್ನೇ ಬರೆದು.

ಹೊರಡುವ ಹೊತ್ತಿಗೆ ಬ್ಯಾಗು ಎತ್ತಿಕೊಟ್ಟ ಹುಡುಗ ಕ್ಯೂಆರ್ ಕೋಡ್ ಹಿಡಿದು ನಿಂತ. ಅಸ್ಸಾಂನವನು, ನಾಲ್ಕು ತಿಂಗಳಲ್ಲೇ ಚೆನ್ನಾಗಿ ಕನ್ನಡ ಕಲಿತಿದ್ದ. ಮಾಲೀಕರನ್ನು ಅವನೂ ನೋಡಿದ್ದು ವೀಡಿಯೋ ಕಾಲಿನಲ್ಲಿ ಮಾತ್ರವಂತೆ. 'ಫೈವ್ ಸ್ಟಾರ್ ಕೊಡಿ ಸಾರ್, ಕಮ್ಮಿ ಬಂದ್ರೆ ನಮ್ಗೆ ಬೈತಾರೆ' ಅಂದ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. 'ಚಿಲಕದ ವಿಷಯ ಬರಿ' ಅಂದವಳು, ಹುಡುಗನ ಮುಖ ನೋಡಿ, 'ಬೇಡ, ಐದೇ ಒತ್ತು' ಅಂದಳು. ಒತ್ತಿದೆ.